ಕಚ್ಛು, ಪಾಮಾ, ಕಜ್ಜಿ: ಒಂದು ಸೋಂಕುರೋಗದ ಚರಿತ್ರೆ ಮತ್ತು ಜೈನ ವೈದ್ಯಪರಂಪರೆ

ಪೀಠಿಕೆ

ಶಿವಾರ್ಯರ ‘ಭಗವತೀ ಆರಾಧನಾ’ ಗ್ರಂಥದಲ್ಲಿ ಉಪಸರ್ಗ ಪರೀಷಹಗಳನ್ನು ಸಮಭಾವದಿಂದ ಸಹಿಸಿ ಆರಾಧನೆಯನ್ನು ಸಾಧಿಸಿದ ಮಹಾಪುರುಷರ ಸ್ಮರಣೆಯಿದೆ. ಅವರಲ್ಲಿ ಸನತ್ಕುಮಾರ ಚಕ್ರವರ್ತಿಯೂ ಒಬ್ಬನು. ರೂಪದ ನಶ್ವರತೆಯನ್ನು ಕಂಡು ಷಟ್ಖಂಡದ ಐಶ್ವರ್ಯವನ್ನು ತೊರೆದು ದೀಕ್ಷೆಗೊಂಡ ಆ ಮುನಿಯು ನೂರು ವರ್ಷಗಳ ಕಾಲ ಸಹಿಸಿದ ರೋಗಗಳನ್ನು ಹೇಳುವ ಗಾಹೆಯು ‘ಕಚ್ಛು’ ಎಂಬ ಶಬ್ದದಿಂದಲೇ ಆರಂಭವಾಗುತ್ತದೆ. ಜ್ವರ, ಕಾಸ, ಶೋಷ, ನೇತ್ರಪೀಡೆ, ಕುಕ್ಷಿಪೀಡೆ ಮೊದಲಾದವು ಅದರ ಅನಂತರ ಬರುತ್ತವೆ. ಶಿವಕೋಟ್ಯಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ‘ವಡ್ಡಾರಾಧನೆ’ಯ ೧೯ ಕಥೆಗಳಲ್ಲಿ ಸನತ್ಕುಮಾರನ ಕಥೆಯೂ ಸೇರಿದೆ. ಪ್ರತಿ ಕಥೆಯ ಮೊದಲಿಗೂ ಒಂದು ಪ್ರಾಕೃತ ಗಾಹೆ ಇರುವುದರಿಂದ ಈ ರೋಗನಾಮವು ಕನ್ನಡ ನಾಡಿನ ಶಾಸ್ತ್ರಭಂಡಾರಗಳಲ್ಲಿ ಸಾವಿರ ವರ್ಷಗಳಿಂದ ಓದಲ್ಪಡುತ್ತ ಬಂದಿದೆ ಎನ್ನಬೇಕು.

ಈ ಕಚ್ಛು ಎಂಬುದು ಯಾವ ರೋಗ? ಅದು ಇಂದು ಜನರು ‘ಕಜ್ಜಿ’ ಎಂದು ಕರೆಯುವ, ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಕೀಟವೊಂದು ಚರ್ಮವನ್ನು ಕೊರೆದು ಉಂಟುಮಾಡುವ ಸೋಂಕುರೋಗವೇ? ಹಾಗಾದರೆ ನಮ್ಮ ಪೂರ್ವಾಚಾರ್ಯರಿಗೆ ಆ ಕೀಟದ ಅರಿವಿತ್ತೇ? ರೋಗದ ಕಾರಣವು ಒಂದು ತ್ರಸಜೀವವೆಂದು ನಿಶ್ಚಯವಾದ ಮೇಲೆ ಅಹಿಂಸಾಣುವ್ರತಿಯಾದ ಶ್ರಾವಕನು ಅದಕ್ಕೆ ಚಿಕಿತ್ಸೆ ಮಾಡಿಸಿಕೊಳ್ಳುವುದು ಹೇಗೆ? ಈ ಮೂರು ಪ್ರಶ್ನೆಗಳು ಒಂದನ್ನೊಂದು ಅವಲಂಬಿಸಿವೆ. ಮೊದಲನೆಯದು ಶಬ್ದಕ್ಕೆ, ಎರಡನೆಯದು ಚರಿತ್ರೆಗೆ, ಮೂರನೆಯದು ಆಚಾರಕ್ಕೆ ಸಂಬಂಧಿಸಿದುದು. ಇವುಗಳನ್ನು ಕ್ರಮವಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಶಬ್ದವಿಚಾರ

ಅಮರಸಿಂಹನು ತನ್ನ ಕೋಶದ ಮನುಷ್ಯವರ್ಗದಲ್ಲಿ ಕಚ್ಛು, ಪಾಮಾ, ವಿಚರ್ಚಿಕಾ ಶಬ್ದಗಳನ್ನು ಒಟ್ಟಿಗೆ ಸೇರಿಸಿದ್ದಾನೆ. ಕಂಡೂ, ಖರ್ಜೂ, ಕಂಡೂಯಾ ಶಬ್ದಗಳನ್ನು ಬೇರೆಯಾಗಿ ಹೇಳಿದ್ದಾನೆ. ಮೊದಲನೆಯವು ಚರ್ಮದ ಮೇಲೆ ಕಾಣುವ ರೋಗದ ಹೆಸರುಗಳು. ಎರಡನೆಯವು ಆ ರೋಗದಲ್ಲಿ ಅನುಭವಕ್ಕೆ ಬರುವ ನವೆಯ ಹೆಸರುಗಳು. ರೋಗ ಮತ್ತು ಲಕ್ಷಣಗಳ ಈ ಭೇದವನ್ನು ಮರೆತರೆ ಹಸ್ತಪ್ರತಿಗಳ ಅರ್ಥನಿರ್ಣಯವು ಕೆಡುತ್ತದೆ. ಶ್ವೇತಾಂಬರ ಆಗಮವಾದ ‘ನಾಯಾಧಮ್ಮಕಹಾ’ದಲ್ಲಿ ರಾಜಗೃಹದ ನಂದ ಮಣಿಯಾರನ ಕಥೆಯಿದೆ. ಪುಷ್ಕರಿಣಿಯನ್ನು ತೋಡಿಸಿ, ಅದರ ಬಳಿಯ ವನದಲ್ಲಿ ಚಿಕಿತ್ಸಾಶಾಲೆಯನ್ನೂ ಕಟ್ಟಿಸಿದ ಆ ಶ್ರೇಷ್ಠಿಗೆ ಕೊನೆಗೆ ಹದಿನಾರು ರೋಗಗಳು ಒಮ್ಮೆಲೇ ಬಂದವು ಎಂದು ಅಲ್ಲಿ ಹೇಳಿದೆ. ಆ ಪಟ್ಟಿಯಲ್ಲಿ ‘ಕಂಡೂ’ ಮತ್ತು ‘ಕೋಢ’ ಎರಡೂ ಬೇರೆ ಬೇರೆಯಾಗಿ ಎಣಿಕೆಗೊಂಡಿವೆ. ನವೆಯೇ ಪ್ರಧಾನವಾದ ವ್ಯಾಧಿಯನ್ನು ಕುಷ್ಠದಿಂದ ಬೇರ್ಪಡಿಸುವ ರೂಢಿಯು ಪ್ರಾಚೀನವಾದುದೆಂಬುದಕ್ಕೆ ಇದು ಸಾಕ್ಷಿ.

ವೈದ್ಯಗ್ರಂಥಗಳ ರೀತಿ ಇದಕ್ಕಿಂತ ಭಿನ್ನ. ಚರಕ, ಸುಶ್ರುತರು ಚರ್ಮರೋಗಗಳ ಬಹುಭಾಗವನ್ನು ಕುಷ್ಠದ ಹದಿನೆಂಟು ಭೇದಗಳಲ್ಲಿ ಅಡಗಿಸಿ, ಅವುಗಳಲ್ಲಿ ಏಳನ್ನು ಮಹಾಕುಷ್ಠಗಳೆಂದೂ ಹನ್ನೊಂದನ್ನು ಕ್ಷುದ್ರಕುಷ್ಠಗಳೆಂದೂ ವಿಭಾಗಿಸಿದ್ದಾರೆ. ಪಾಮಾ ಕ್ಷುದ್ರಕುಷ್ಠಗಳಲ್ಲೊಂದು. ಆದುದರಿಂದ ಹಳೆಯ ಗ್ರಂಥದಲ್ಲಿ ‘ಕುಷ್ಠ’ ಎಂದಿರುವಲ್ಲೆಲ್ಲ ಇಂದಿನ ಕುಷ್ಠರೋಗವನ್ನೇ ಗ್ರಹಿಸುವುದು ಸರಿಯಲ್ಲ. ಸುಶ್ರುತನ ನಿದಾನಸ್ಥಾನದಲ್ಲಿ ಪಾಮಾ ಎಂಬುದಕ್ಕೆ ಸ್ರಾವ, ನವೆ, ಉರಿಗಳಿಂದ ಕೂಡಿದ ಸಣ್ಣ ಸಣ್ಣ ಗುಳ್ಳೆಗಳು ಲಕ್ಷಣವೆಂದು ಹೇಳಿದೆ. ಅದೇ ರೋಗವು ತೀವ್ರವಾಗಿ, ಉರಿಯುಳ್ಳ ಬೊಕ್ಕೆಗಳಾಗಿ ನಿತಂಬ, ಕೈ, ಕಾಲುಗಳಲ್ಲಿ ಎದ್ದಾಗ ಅದನ್ನು ಕಚ್ಛು ಎನ್ನಬೇಕೆಂದು ಅಲ್ಲಿಯೇ ವಿವರಣೆಯಿದೆ. ಇಂದಿನ ವೈದ್ಯರು ಕಜ್ಜಿಯನ್ನು ಗುರುತಿಸುವಾಗ ಮೊದಲು ನೋಡುವುದು ಬೆರಳುಗಳ ಸಂದು, ಮಣಿಕಟ್ಟು, ಕಂಕುಳು, ಸೊಂಟ, ನಿತಂಬ ಇವುಗಳನ್ನೇ. ಹೀಗೆ ಸ್ಥಾನ, ಗುಳ್ಳೆ, ನವೆ ಈ ಮೂರೂ ಕೂಡಿಬರುವುದರಿಂದ ಸುಶ್ರುತನ ಕಚ್ಛುವಿನಲ್ಲಿ ಇಂದಿನ ಕಜ್ಜಿಯೂ ಸೇರಿದ್ದಿತೆಂದು ಹೇಳಬಹುದು. ಅದೊಂದೇ ಸೇರಿದ್ದಿತೆಂದು ಹೇಳಲಾಗದು. ಇಸುಬು ಮೊದಲಾದ ಅನ್ಯರೋಗಗಳೂ ಆ ಲಕ್ಷಣದೊಳಗೆ ಬರುತ್ತವೆ.

ಕನ್ನಡದ ಹೆಸರುಗಳಲ್ಲಿ ಇನ್ನೊಂದು ವಿಶೇಷವಿದೆ. ‘ಕಜ್ಜಿ’ ಶಬ್ದವನ್ನು ‘ಖರ್ಜು’ವಿನ ತದ್ಭವವೆಂದು ಪರಿಗಣಿಸುವುದುಂಟು. ತುರಿ, ನವೆ, ತೀಟೆ, ಹುರುಕು ಎಂಬ ದೇಶ್ಯ ಶಬ್ದಗಳೂ ಬಳಕೆಯಲ್ಲಿವೆ. ಇವು ಯಾವುದರಲ್ಲಿಯೂ ಹುಳುವಿನ ಸೂಚನೆಯಿಲ್ಲ. ಆದರೆ ದದ್ರು ಅಥವಾ ಗಜಕರ್ಣವೆಂಬ ಬೇರೊಂದು ರೋಗಕ್ಕೆ ಜನರು ‘ಹುಳುಕಡ್ಡಿ’ ಎನ್ನುತ್ತಾರೆ. ದದ್ರುವಿಗೆ ಕಾರಣ ಒಂದು ಬಗೆಯ ಬೂಷ್ಟು, ಅಲ್ಲಿ ಹುಳುವಿಲ್ಲ. ಹುಳುವಿರುವ ರೋಗದ ಹೆಸರಿನಲ್ಲಿ ಹುಳುವಿಲ್ಲ, ಹುಳುವಿಲ್ಲದ ರೋಗದ ಹೆಸರಿನಲ್ಲಿ ಹುಳುವಿದೆ. ಹೆಸರೊಂದನ್ನೇ ಹಿಡಿದು ಪ್ರಾಚೀನರ ಕಾರಣಜ್ಞಾನವನ್ನು ನಿರ್ಣಯಿಸುವುದು ಎಷ್ಟು ಅಪಾಯಕರವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಗ್ರಂಥಸಂಪಾದಕರು ಲಕ್ಷಿಸಬೇಕಾದ ಇನ್ನೂ ಒಂದು ಅಂಶವಿದೆ. ಕನ್ನಡ ಓಲೆಪ್ರತಿಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸವನ್ನು ಲಿಪಿಕಾರರು ಎಲ್ಲೆಡೆಯೂ ಪಾಲಿಸಿರುವುದಿಲ್ಲ. ‘ಕಚ್ಛು’ ಎಂಬುದು ‘ಕಚ್ಚು’ ಎಂದು ಬರೆಯಲ್ಪಟ್ಟರೆ ಕನ್ನಡ ಓದುಗನಿಗೆ ಅದು ಕಡಿತವಾಗಿ ತೋರುವುದು ಸಹಜ. ವಿಷವೈದ್ಯದ ಓಲೆಗಳ ನಡುವೆ ಚರ್ಮರೋಗದ ಪ್ರಯೋಗವು ಬಂದಾಗ, ಅಥವಾ ಚರ್ಮರೋಗದ ಓಲೆಗಳ ನಡುವೆ ದಂಶದ ಪ್ರಯೋಗವು ಬಂದಾಗ ಪೂರ್ವಾಪರ ಸಂದರ್ಭವನ್ನು ನೋಡಿಯೇ ಪಾಠವನ್ನು ಸ್ಥಿರಪಡಿಸಬೇಕು.

ಪ್ರಾಣಾವಾಯ ಪರಂಪರೆ

ದ್ವಾದಶಾಂಗದ ದೃಷ್ಟಿವಾದದಲ್ಲಿ ಹದಿನಾಲ್ಕು ಪೂರ್ವಗಳಿದ್ದವೆಂದೂ, ಅವುಗಳಲ್ಲಿ ಹನ್ನೆರಡನೆಯದಾದ ಪ್ರಾಣಾವಾಯ ಪೂರ್ವದಲ್ಲಿ ಅಷ್ಟಾಂಗ ಆಯುರ್ವೇದವು ನಿರೂಪಿತವಾಗಿದ್ದಿತೆಂದೂ ಪರಂಪರೆಯು ಹೇಳುತ್ತದೆ. ಅಕಲಂಕದೇವರು ತತ್ತ್ವಾರ್ಥವಾರ್ತಿಕದಲ್ಲಿ ಇದನ್ನು ಉಲ್ಲೇಖಿಸಿದ್ದಾರೆ. ಈ ಪರಂಪರೆಯ ಗ್ರಂಥಗಳಲ್ಲಿ ಪೂರ್ಣವಾಗಿ ಉಳಿದು ಬಂದ ಪ್ರಮುಖ ಕೃತಿಯೆಂದರೆ ಶ್ರೀನಂದಿ ಆಚಾರ್ಯರ ಶಿಷ್ಯರಾದ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’. ಶಾಲಾಕ್ಯದಲ್ಲಿ ಪೂಜ್ಯಪಾದರು, ಶಲ್ಯತಂತ್ರದಲ್ಲಿ ಪಾತ್ರಸ್ವಾಮಿಗಳು, ವಿಷ ಮತ್ತು ಉಗ್ರಗ್ರಹಶಮನದಲ್ಲಿ ಸಿದ್ಧಸೇನರು, ಕಾಯಚಿಕಿತ್ಸೆಯಲ್ಲಿ ದಶರಥಗುರುಗಳು, ಬಾಲಚಿಕಿತ್ಸೆಯಲ್ಲಿ ಮೇಘನಾದರು ಗ್ರಂಥರಚನೆ ಮಾಡಿದ್ದರೆಂದು ಉಗ್ರಾದಿತ್ಯರು ಹೇಳಿದ್ದಾರೆ. ಅಷ್ಟಾಂಗಗಳನ್ನೂ ವಿಸ್ತಾರವಾಗಿ ಹೇಳಿದ ಸಮಂತಭದ್ರರ ಗ್ರಂಥವನ್ನು ತಾವು ಸಂಕ್ಷೇಪವಾಗಿ ಅನುಸರಿಸಿರುವುದಾಗಿಯೂ ತಿಳಿಸಿದ್ದಾರೆ. ಗ್ರಂಥಾಂತ್ಯದ ಹಿತಾಹಿತಾಧ್ಯಾಯವು ನೃಪತುಂಗ ವಲ್ಲಭರಾಜನ ಸಭೆಯಲ್ಲಿ, ವೈದ್ಯವಿದ್ವಾಂಸರ ಎದುರಿನಲ್ಲಿ ಮಾಂಸಾಹಾರದ ನಿಷ್ಫಲತೆಯನ್ನು ಸಾಧಿಸಿ ಹೇಳಿದ ಪ್ರಕರಣ. ಈ ನೃಪತುಂಗನನ್ನು ರಾಷ್ಟ್ರಕೂಟ ಅಮೋಘವರ್ಷನೆಂದು (ಕ್ರಿ.ಶ. ೮೧೪–೮೭೮) ಗುರುತಿಸಲಾಗಿದೆ. ಗ್ರಂಥವು ೧೯೪೦ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದದೊಡನೆ ಪ್ರಕಟವಾಯಿತು. ಪೂಜ್ಯಪಾದರ ಕಲ್ಯಾಣಕಾರಕವನ್ನು ಆಧರಿಸಿ ಜಗದ್ದಳ ಸೋಮನಾಥನು ಸು. ೧೧೫೦ರಲ್ಲಿ ರಚಿಸಿದ ‘ಕರ್ಣಾಟಕ ಕಲ್ಯಾಣಕಾರಕ’ವು ಇದೇ ಧಾರೆಯನ್ನು ಕನ್ನಡಕ್ಕೆ ತಂದಿತು.

ಚಿಕಿತ್ಸೆಯ ವಿಷಯದಲ್ಲಿ ಒಂದು ಶಬ್ದವು ಅನೇಕ ಪ್ರಯೋಗಗಳಿಗಿಂತ ಹೆಚ್ಚಿನ ಚರಿತ್ರೆಯನ್ನು ಹೇಳುತ್ತದೆ. ಸಂಸ್ಕೃತ ಕೋಶಗಳಲ್ಲಿ ಗಂಧಕಕ್ಕೆ ‘ಪಾಮಾರಿ’, ‘ಪಾಮಾಘ್ನ’ ಎಂಬ ಪರ್ಯಾಯನಾಮಗಳಿವೆ. ಪಾಮೆಗೆ ಶತ್ರು, ಪಾಮೆಯನ್ನು ಕೊಲ್ಲುವುದು ಎಂದು ಅವುಗಳ ಅರ್ಥ. ಒಂದು ಖನಿಜಕ್ಕೆ ಒಂದು ರೋಗದ ವೈರಿಯೆಂಬ ಹೆಸರು ರೂಢವಾಗಬೇಕಾದರೆ ಆ ಉಪಯೋಗವು ಬಹುಕಾಲದಿಂದ, ಬಹುಜನರಲ್ಲಿ ದೃಢವಾಗಿರಬೇಕು. ಆಧುನಿಕ ವೈದ್ಯದಲ್ಲಿಯೂ ನೂರಕ್ಕೆ ೫ರಿಂದ ೧೦ ಭಾಗ ಗಂಧಕವಿರುವ ಮುಲಾಮು ಕಜ್ಜಿಗೆ ಸಂದ ಔಷಧವಾಗಿ ಉಳಿದಿದೆ. ಹಸುಗೂಸುಗಳಿಗೂ ಗರ್ಭಿಣಿಯರಿಗೂ ಅದನ್ನು ಇಂದಿಗೂ ಬಳಸುವುದುಂಟು. ಕಾರಣವನ್ನು ಅರಿಯದೆಯೂ ಪರಿಹಾರವನ್ನು ಅರಿತ ಉದಾಹರಣೆಗಳಲ್ಲಿ ಇದಕ್ಕೆ ಮುಖ್ಯಸ್ಥಾನ ಸಲ್ಲಬೇಕು.

ಸಸ್ಯೌಷಧಗಳ ಪೈಕಿ ಚರಕನು ಹೇಳಿದ ಹತ್ತು ಕಂಡೂಘ್ನ ದ್ರವ್ಯಗಳಲ್ಲಿ ಹೊಂಗೆ, ಬೇವು, ಕಕ್ಕೆ, ಸಾಸಿವೆ, ಮರದರಿಸಿನಗಳು ಇವೆ. ಇವುಗಳ ಎಣ್ಣೆ, ಲೇಪ, ಕಷಾಯಗಳು ಮದ್ಯಮಾಂಸಗಳ ಸೋಂಕಿಲ್ಲದವುಗಳಾದ ಕಾರಣ ಜೈನ ವೈದ್ಯರಿಗೆ ನಿರ್ಬಾಧಕವಾಗಿದ್ದವು. ಮೂಡಬಿದಿರೆ ಮೊದಲಾದ ಭಂಡಾರಗಳ ಓಲೆಗಳನ್ನು ಪರಿಚಯಿಸುವ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚೀ’ (೧೯೪೮) ಇಂತಹ ವೈದ್ಯಕೃತಿಗಳತ್ತ ಹೋಗಲು ಇಂದಿಗೂ ದಾರಿದೀಪ. ಆದರೆ ಒಂದು ಎಚ್ಚರಿಕೆ ಅಗತ್ಯ. ಚರ್ಮರೋಗದ ಹಳೆಯ ಪ್ರಯೋಗಗಳಲ್ಲಿ ಗಂಧಕದ ಜೊತೆಗೆ ಹರಿತಾಳ, ಮನಃಶಿಲೆ, ಪಾದರಸ, ಸಿಂಧೂರಗಳೂ ಬರುತ್ತವೆ. ಮೊದಲೆರಡು ಶಂಖಪಾಷಾಣದ ಧಾತುಗಳು. ಸಿಂಧೂರವು ಸೀಸದ ರೂಪ. ಒಡೆದ ಚರ್ಮದ ಮೂಲಕ ಇವು ದೇಹವನ್ನು ಸೇರಿ ಹಾನಿಮಾಡುತ್ತವೆ. ಇಂತಹ ಪ್ರಯೋಗಗಳನ್ನು ಮುದ್ರಿಸುವ ಸಂಪಾದಕನು ಪಾಠಾಂತರಗಳೊಡನೆ ಈ ಅಪಾಯವನ್ನೂ ಅಡಿಯಲ್ಲಿ ಸೂಚಿಸುವುದು ಅವನ ಕರ್ತವ್ಯ. ಗ್ರಂಥದ ಮೇಲಿನ ಗೌರವದಿಂದ ಓದುಗನು ಅದನ್ನು ಮಗುವಿನ ಮೈಗೆ ಹಚ್ಚುವ ಸಂಭವವಿದೆ.

ಸೋಂಕಿನ ಅರಿವು, ಕ್ರಿಮಿಯ ವಾದ

ಸೋಂಕು ಹರಡುವ ಬಗೆಯನ್ನು ಪ್ರಾಚೀನರು ಸ್ಪಷ್ಟವಾಗಿ ಅರಿತಿದ್ದರು. ಒಡನಾಟ, ಶರೀರಸ್ಪರ್ಶ, ಉಸಿರು, ಸಹಭೋಜನ, ಒಂದೇ ಹಾಸಿಗೆ ಮತ್ತು ಆಸನ, ಒಬ್ಬರ ವಸ್ತ್ರ, ಮಾಲೆ, ಅನುಲೇಪನಗಳನ್ನು ಇನ್ನೊಬ್ಬರು ಧರಿಸುವುದು ಇವುಗಳಿಂದ ಕುಷ್ಠ, ಜ್ವರ, ಶೋಷ, ನೇತ್ರಾಭಿಷ್ಯಂದ ಮೊದಲಾದ ಔಪಸರ್ಗಿಕ ರೋಗಗಳು ಮನುಷ್ಯನಿಂದ ಮನುಷ್ಯನಿಗೆ ಸಂಕ್ರಮಿಸುತ್ತವೆಂದು ಸುಶ್ರುತನು ಹೇಳಿದ್ದಾನೆ. ಪಾಮಾ ಕಚ್ಛುಗಳು ಕುಷ್ಠದ ಭೇದಗಳಾದುದರಿಂದ ಈ ಮಾತು ಅವುಗಳಿಗೂ ಅನ್ವಯಿಸುತ್ತದೆ.

ಇಲ್ಲಿಂದ ಮುಂದೆ ಒಂದು ಹೆಜ್ಜೆಯಿಟ್ಟು, ಪ್ರಾಚೀನರು ಕಜ್ಜಿಯ ಕೀಟವನ್ನೂ ಕಂಡಿದ್ದರೆಂದು ಹೇಳುವ ಉತ್ಸಾಹವು ಸಹಜವಾದುದು. ಎಲ್ಲ ಕುಷ್ಠಗಳೂ ವಾತ ಪಿತ್ತ ಕಫಗಳೊಡನೆ ಕ್ರಿಮಿಯುಕ್ತವೂ ಆಗಿರುತ್ತವೆಂಬ ಸುಶ್ರುತವಚನವೂ, ಕುಷ್ಠಕ್ಕೆ ಸಮಾನವಾದ ಕಾರಣದಿಂದ ಹುಟ್ಟುವ ರಕ್ತಜ ಕ್ರಿಮಿಗಳಲ್ಲಿ ಕೆಲವು ಅತಿ ಸೂಕ್ಷ್ಮವಾದುದರಿಂದ ಅದೃಶ್ಯವೆಂಬ ಚರಕವಚನವೂ ಇದಕ್ಕೆ ಆಧಾರವಾಗಿ ತೋರಬಹುದು. ಆದರೆ ಗ್ರಂಥವನ್ನು ಪೂರ್ಣವಾಗಿ ಓದಿದರೆ ಈ ವಾದವು ನಿಲ್ಲುವುದಿಲ್ಲ. ಚರಕನು ಆ ಕ್ರಿಮಿಗಳ ಸ್ಥಾನವನ್ನು ರಕ್ತವಾಹಿ ಸಿರೆಗಳೆಂದೂ, ಆಕಾರವನ್ನು ದುಂಡಾಗಿ ಪಾದರಹಿತವಾದುದೆಂದೂ ಹೇಳಿದ್ದಾನೆ. ಕಜ್ಜಿಯ ಕೀಟವು ರಕ್ತದಲ್ಲಿರದೆ ಚರ್ಮದ ಹೊರಪದರದಲ್ಲಿರುತ್ತದೆ. ಬೆಳೆದ ಕೀಟಕ್ಕೆ ಎಂಟು ಕಾಲುಗಳಿವೆ. ಇನ್ನೊಂದು ಪ್ರಮಾಣವೂ ಉಂಟು. ಚರಕನು ಹೇಳಿದ ಹತ್ತು ಕಂಡೂಘ್ನ ದ್ರವ್ಯಗಳಲ್ಲಿ ಒಂದಾದರೂ ಅವನ ಹತ್ತು ಕ್ರಿಮಿಘ್ನ ದ್ರವ್ಯಗಳ ಗಣದಲ್ಲಿಲ್ಲ. ನವೆಗೆ ಕ್ರಿಮಿಯೇ ಕಾರಣವೆಂಬ ನಿಶ್ಚಯವಿದ್ದಿದ್ದರೆ ಎರಡು ಗಣಗಳು ಹೀಗೆ ಪೂರ್ತಿಯಾಗಿ ಬೇರೆಯಾಗಿ ಉಳಿಯುತ್ತಿರಲಿಲ್ಲ. ಸೋಂಕಿನ ಅರಿವು ಒಂದು ಕಡೆ, ಕ್ರಿಮಿಯ ಕಲ್ಪನೆ ಇನ್ನೊಂದು ಕಡೆ, ಗಂಧಕದ ಅನುಭವ ಮತ್ತೊಂದು ಕಡೆ ಇದ್ದವು. ಇವನ್ನು ಒಂದೇ ಸೂತ್ರದಲ್ಲಿ ಪೋಣಿಸುವ ಕಾರ್ಯ ಆಗ ನಡೆಯಲಿಲ್ಲ. ಇದನ್ನು ಒಪ್ಪಿಕೊಳ್ಳುವುದರಿಂದ ಪೂರ್ವಾಚಾರ್ಯರ ಗೌರವಕ್ಕೆ ಕುಂದಿಲ್ಲ. ಅವರು ಹೇಳದುದನ್ನು ಅವರ ಬಾಯಿಂದ ಹೇಳಿಸುವುದೇ ಶ್ರುತದ ಅವಿನಯ.

ಕೀಟದ ದರ್ಶನ

ಆ ಪೋಣಿಕೆ ನಡೆದುದು ಯೂರೋಪಿನಲ್ಲಿ, ಸೂಕ್ಷ್ಮದರ್ಶಕವು ಬಳಕೆಗೆ ಬಂದ ಮೇಲೆ. ಇಟಲಿಯ ಲಿವೋರ್ನೋ ನಗರದ ವೈದ್ಯ ಜೋವಾನ್ ಕೋಸಿಮೋ ಬೊನೋಮೋ ಮತ್ತು ಔಷಧವ್ಯಾಪಾರಿ ದಿಯಾಚಿಂತೋ ಚೆಸ್ತೋನಿ ಎಂಬುವರು, ತಾಯಂದಿರು ಮಕ್ಕಳ ಕಜ್ಜಿಯಿಂದ ಸೂಜಿಯ ಮೊನೆಯಲ್ಲಿ ಏನನ್ನೋ ಹೊರತೆಗೆಯುವುದನ್ನು ಲಕ್ಷಿಸಿದರು. ಅದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಜೀವಂತ ಕೀಟವೂ ಅದರ ಮೊಟ್ಟೆಯೂ ಕಾಣಿಸಿದವು. ೧೬೮೭ರಲ್ಲಿ ವಿದ್ವಾಂಸ ಫ್ರಾಂಚೆಸ್ಕೋ ರೇದಿಗೆ ಬರೆದ ಪತ್ರದಲ್ಲಿ ಈ ಕೀಟವೇ ರೋಗದ ಕಾರಣವೆಂದೂ, ಸ್ಪರ್ಶದಿಂದ ಹರಡುತ್ತದೆಂದೂ, ಹೊರಗಿನ ಲೇಪದಿಂದಲೇ ಗುಣವಾಗಬೇಕೆಂದೂ ಬೊನೋಮೋ ಪ್ರತಿಪಾದಿಸಿದನು. ದೇಹದೊಳಗಿನ ರಸಗಳ ವಿಕಾರವೇ ಚರ್ಮರೋಗಕ್ಕೆ ಕಾರಣವೆಂಬ ಮತವು ಅಲ್ಲಿ ಬಲವಾಗಿದ್ದುದರಿಂದ ಒಂದೂವರೆ ಶತಮಾನದ ಕಾಲ ಈ ಮಾತು ಅಂಗೀಕಾರ ಪಡೆಯಲಿಲ್ಲ. ೧೮೧೨ರಲ್ಲಿ ಪ್ಯಾರಿಸಿನ ಗಾಲೆಸ್ ಎಂಬುವನು ಕೀಟವನ್ನು ತೋರಿಸಿರುವುದಾಗಿ ಹೇಳಿಕೊಂಡನು. ಆದರೆ ಅವನ ಚಿತ್ರದಲ್ಲಿದ್ದುದು ಗಿಣ್ಣಿನಲ್ಲಿ ಬೀಳುವ ಹುಳುವೆಂದು ತಿಳಿದುಬಂದು, ನಿಜವಾದ ಕೀಟದ ಮೇಲಿನ ವಿಶ್ವಾಸವೂ ಹೊರಟುಹೋಯಿತು. ಕೊನೆಗೆ ೧೮೩೪ರಲ್ಲಿ ಕಾರ್ಸಿಕಾ ದ್ವೀಪದ ರೆನೂಚಿ ಎಂಬ ವಿದ್ಯಾರ್ಥಿಯು ಪ್ಯಾರಿಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ, ತನ್ನೂರಿನ ಹೆಂಗಸರು ಮಾಡುವ ರೀತಿಯಲ್ಲಿಯೇ ಸೂಜಿಯಿಂದ ಕೀಟವನ್ನು ತೆಗೆದು ಪಂಡಿತರ ಮುಂದಿಟ್ಟನು. ಗುಳ್ಳೆಯಲ್ಲಿ ಹುಡುಕಿದವರಿಗೆ ಅದು ಸಿಕ್ಕಿರಲಿಲ್ಲ. ಗುಳ್ಳೆಯಿಂದಾಚೆಗೆ ಹರಿಯುವ ಸಣ್ಣ ಸುರಂಗದ ತುದಿಯಲ್ಲಿ ಅದು ಇರುತ್ತದೆಂಬುದು ತಾಯಂದಿರಿಗೆ ತಿಳಿದಿತ್ತು. ಒಂದು ತಪ್ಪು ಸಾಕ್ಷ್ಯವು ಸತ್ಯವನ್ನು ಎಷ್ಟು ಕಾಲ ಮರೆಮಾಡಬಲ್ಲದೆಂಬುದು ಗ್ರಂಥಪಾಠಗಳನ್ನು ನಿರ್ಣಯಿಸುವವರಿಗೂ ಪಾಠವಾಗತಕ್ಕ ವಿಷಯ.

ಕೀಟದ ಜೀವನಕ್ರಮವು ಈಗ ಚೆನ್ನಾಗಿ ತಿಳಿದಿದೆ. ಹೆಣ್ಣು ಕೀಟದ ಉದ್ದ ಒಂದು ಮಿಲಿಮೀಟರಿನ ಅರ್ಧಕ್ಕಿಂತಲೂ ಕಡಿಮೆ. ಅದು ಚರ್ಮದ ಹೊರಪದರದಲ್ಲಿ ಸುರಂಗ ಕೊರೆದು ದಿನಕ್ಕೆ ಎರಡು ಮೂರು ಮೊಟ್ಟೆಗಳಂತೆ ಒಂದೆರಡು ತಿಂಗಳು ಇಡುತ್ತದೆ. ಮೊಟ್ಟೆಗಳು ಮೂರು ನಾಲ್ಕು ದಿನಗಳಲ್ಲಿ ಒಡೆದು, ಸುಮಾರು ಎರಡು ವಾರಗಳಲ್ಲಿ ಮರಿಗಳು ಬೆಳೆದ ಕೀಟಗಳಾಗುತ್ತವೆ. ಸಾಮಾನ್ಯ ರೋಗಿಯ ಮೈಮೇಲೆ ಇರುವುದು ಹತ್ತು ಹದಿನೈದು ಕೀಟಗಳು ಮಾತ್ರ. ನವೆಯು ಕಡಿತದಿಂದ ಬರುವುದಲ್ಲ. ಕೀಟ ಮತ್ತು ಅದರ ಮಲಕ್ಕೆ ದೇಹವು ತೋರುವ ಪ್ರತಿಕ್ರಿಯೆಯಿಂದ ಬರುತ್ತದೆ. ಆದುದರಿಂದಲೇ ಮೊದಲ ಬಾರಿ ಸೋಂಕಿದವನಿಗೆ ನಾಲ್ಕರಿಂದ ಆರು ವಾರಗಳವರೆಗೆ ಏನೂ ತೋರದಿರಬಹುದು. ಆ ಅವಧಿಯಲ್ಲಿಯೂ ಅವನಿಂದ ಇತರರಿಗೆ ಹರಡುತ್ತದೆ.

ಕೊಲ್ಲಲೊಲ್ಲದವರ ಸಹನೆ

ಈ ರೋಗದ ಚರಿತ್ರೆಯಲ್ಲಿ ಜೈನ ಓದುಗರ ಗಮನವನ್ನು ವಿಶೇಷವಾಗಿ ಸೆಳೆಯಬೇಕಾದ ಒಂದು ಪ್ರಸಂಗವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಸೈನಿಕರಲ್ಲಿ ಕಜ್ಜಿ ಬಹಳವಾಗಿ ಹರಡಿತು. ಹಾಸಿಗೆ ಹೊದಿಕೆಗಳಿಂದಲೇ ಅದು ಹಬ್ಬುತ್ತದೆಂದು ನಂಬಿ ಅವುಗಳನ್ನು ಕಾಯಿಸಿ ಶುದ್ಧಿಗೊಳಿಸಲು ಅಪಾರವಾದ ಇಂಧನವನ್ನೂ ಶ್ರಮವನ್ನೂ ವ್ಯಯಿಸಲಾಗುತ್ತಿತ್ತು. ೧೯೪೧ರಲ್ಲಿ ಕೆನೆತ್ ಮೆಲ್ಲನ್ಬಿ ಎಂಬ ಕೀಟವಿಜ್ಞಾನಿಯು ಶೆಫೀಲ್ಡ್ ನಗರದಲ್ಲಿ ಈ ನಂಬಿಕೆಯನ್ನು ಪರೀಕ್ಷಿಸಿದನು. ಅವನಿಗೆ ತಮ್ಮ ದೇಹವನ್ನು ಒಪ್ಪಿಸಿದವರು, ಮನುಷ್ಯರನ್ನು ಕೊಲ್ಲಲಾರೆವೆಂದು ಅಂತಃಸಾಕ್ಷಿಯ ಕಾರಣದಿಂದ ಸೈನ್ಯಕ್ಕೆ ಸೇರಲು ನಿರಾಕರಿಸಿದ ಯುವಕರು. ಅವರು ರೋಗಿಗಳು ಬಳಸಿದ ಒಳ ಉಡುಪುಗಳನ್ನು ಒಗೆಯದೆಯೇ ತೊಟ್ಟರು. ಅವರ ಹೊದಿಕೆಗಳಲ್ಲಿ ಬತ್ತಲೆಯಾಗಿ ಮಲಗಿದರು. ಆದರೂ ಸೋಂಕು ತಗುಲಿದುದು ಅತಿ ವಿರಳ. ರೋಗಿಯೊಡನೆ ಒಂದೇ ಹಾಸಿಗೆಯಲ್ಲಿ ಮೈಗೆ ಮೈ ತಾಗುವಂತೆ ಮಲಗಿದಾಗ ಮಾತ್ರ ಅದು ಹರಡಿತು. ಬಳಿಕ ಹಲವರು ತಿಂಗಳುಗಟ್ಟಲೆ ಚಿಕಿತ್ಸೆಯಿಲ್ಲದೆ ನವೆಯನ್ನು ಸಹಿಸಿ ರೋಗದ ಕ್ರಮವನ್ನು ದಾಖಲಿಸಲು ನೆರವಾದರು. ರೋಗಿಯ ಮೈಮೇಲೆ ಬೆಳೆದ ಕೀಟಗಳು ಎಷ್ಟು ಕಡಿಮೆಯೆಂಬುದೂ, ವಸ್ತ್ರಕ್ಕಿಂತ ದೀರ್ಘವಾದ ದೇಹಸ್ಪರ್ಶವೇ ಸೋಂಕಿನ ಮುಖ್ಯ ಮಾರ್ಗವೆಂಬುದೂ ಈ ಪರೀಕ್ಷೆಗಳಿಂದ ಸಿದ್ಧವಾದವು.

ಸುಶ್ರುತನ ಪಟ್ಟಿಯಲ್ಲಿ ಶರೀರಸ್ಪರ್ಶ, ಶಯ್ಯೆ, ವಸ್ತ್ರ ಮೂರೂ ಇವೆ. ಅವುಗಳ ತಾರತಮ್ಯವನ್ನು ನಿರ್ಣಯಿಸಿದುದು ಈ ಅಹಿಂಸಾವಾದಿಗಳ ಸಹನೆ. ಅವರು ಮುನಿಗಳಲ್ಲ, ಸಮ್ಯಕ್ತ್ವದ ಚರ್ಚೆ ಇಲ್ಲಿ ಅಪ್ರಸ್ತುತ. ಆದರೂ ಪರಹಿತಕ್ಕಾಗಿ ಕಂಡೂಪೀಡೆಯನ್ನು ತಾವಾಗಿ ಸಹಿಸಿದ ಅವರ ನಡತೆಯು ಸನತ್ಕುಮಾರನ ಕಥೆಯನ್ನು ಬಲ್ಲವರಿಗೆ ಪರಕೀಯವೆನಿಸದು.

ಜೀವವಿಚಾರ

ಈಗ ಮೂರನೆಯ ಪ್ರಶ್ನೆ. ಕುಂದಕುಂದಾಚಾರ್ಯರು ಪಂಚಾಸ್ತಿಕಾಯದಲ್ಲಿ ಹೇನು, ತಿಗಣೆ, ಇರುವೆ, ಚೇಳು ಮೊದಲಾದವನ್ನು ಸ್ಪರ್ಶ, ರಸ, ಗಂಧಗಳನ್ನು ಮಾತ್ರ ಅರಿಯುವ ತ್ರೀಂದ್ರಿಯ ಜೀವಗಳೆಂದು ಹೇಳಿದ್ದಾರೆ. ಕಜ್ಜಿಯ ಕೀಟಕ್ಕೆ ಕಣ್ಣುಗಳಿಲ್ಲ. ಅದು ದೇಹದ ಬಿಸುಪು ಮತ್ತು ಗಂಧವನ್ನು ಅನುಸರಿಸಿ ಚಲಿಸುತ್ತದೆ. ಆಧುನಿಕ ವರ್ಗೀಕರಣದಲ್ಲಿ ಅದು ಚೇಳಿನ ದೂರದ ಬಂಧು. ಹೀಗಾಗಿ ಅದನ್ನು ತ್ರೀಂದ್ರಿಯಗಳಲ್ಲಿ ಎಣಿಸಲು ಬಾಧಕವಿಲ್ಲ. ಶ್ವೇತಾಂಬರರ ಕಲ್ಪಸೂತ್ರದಲ್ಲಿ ವೀರನಿರ್ವಾಣದ ರಾತ್ರಿ ಹುಟ್ಟಿದ ಕುಂಥುಗಳ ಪ್ರಸ್ತಾಪವಿದೆ. ನಿಶ್ಚಲವಾಗಿರುವಾಗ ಕಾಣದೆ, ಚಲಿಸುವಾಗ ಮಾತ್ರ ಕಾಣುವ ಆ ಜೀವಗಳನ್ನು ಕಂಡು ಅನೇಕ ಸಾಧು ಸಾಧ್ವಿಯರು ಆಹಾರವನ್ನು ತ್ಯಜಿಸಿದರೆಂದು ಅಲ್ಲಿ ಹೇಳಿದೆ. ಕಣ್ಣಿಗೆ ಕಾಣದ ಜೀವದ ವಿಷಯದಲ್ಲಿಯೂ ನಮ್ಮ ಪರಂಪರೆಯ ಜಾಗರೂಕತೆ ಎಷ್ಟಿತ್ತೆಂಬುದಕ್ಕೆ ಇದು ನಿದರ್ಶನ. ಕುಂಥುವೇ ಕಜ್ಜಿಯ ಕೀಟವೆಂದು ಇದರಿಂದ ಹೇಳಬಾರದು.

ಹಾಗಾದರೆ ಚಿಕಿತ್ಸೆಯು ಹಿಂಸೆಯಲ್ಲವೇ? ಕೀಟವು ದುಃಖದಾಯಕ, ಅದನ್ನು ಕೊಂದರೆ ಬಹುಜನರ ರಕ್ಷಣೆಯಾಗುತ್ತದೆ, ಆದುದರಿಂದ ದೋಷವಿಲ್ಲ ಎಂಬ ಸುಲಭವಾದ ಉತ್ತರಕ್ಕೆ ಶಾಸ್ತ್ರದಲ್ಲಿ ಎಡೆಯಿಲ್ಲ. ಒಂದು ಹಿಂಸ್ರಪ್ರಾಣಿಯನ್ನು ಕೊಂದು ಬಹುಪ್ರಾಣಿಗಳನ್ನು ರಕ್ಷಿಸುವೆನೆಂಬ ವಾದವನ್ನು ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೆಸರಿಟ್ಟು ನಿರಾಕರಿಸಿದ್ದಾರೆ. ಪಂಡಿತರು ಈ ಮಾತನ್ನು ಮರೆಮಾಡದೆ ಎದುರಿಸಬೇಕು.

ಉತ್ತರವನ್ನು ಹಿಂಸೆಯ ಲಕ್ಷಣದಲ್ಲಿಯೇ ಹುಡುಕಬೇಕಾಗಿದೆ. ಪ್ರಮತ್ತಯೋಗದಿಂದ ಆಗುವ ಪ್ರಾಣವಿಯೋಗವು ಹಿಂಸೆ ಎಂಬುದು ತತ್ತ್ವಾರ್ಥಸೂತ್ರದ ನಿಲುವು. ಗೃಹಸ್ಥನು ತ್ಯಜಿಸುವುದು ತ್ರಸಜೀವಿಗಳ ಸಂಕಲ್ಪಪೂರ್ವಕ ಹಿಂಸೆಯನ್ನು. ಆರಂಭಜನ್ಯವಾದುದನ್ನು ಅವನು ಯತ್ನಾಚಾರದಿಂದ ಕಡಿಮೆ ಮಾಡುತ್ತ ಹೋಗಬೇಕು. ಉಳುವಾಗ ಜೀವಗಳನ್ನು ಕೊಲ್ಲುವ ಒಕ್ಕಲಿಗನಿಗಿಂತ, ಬಲೆಗೆ ಒಂದು ಮೀನೂ ಬೀಳದ ಬೆಸ್ತನೇ ಹೆಚ್ಚು ಪಾಪಿ ಎಂದು ಆಶಾಧರಸೂರಿಗಳು ಸಾಗಾರಧರ್ಮಾಮೃತದಲ್ಲಿ ವಿವರಿಸಿರುವುದು ಇದೇ ತತ್ತ್ವವನ್ನು. ರೋಗನಿವೃತ್ತಿಗಾಗಿ ಲೇಪ ಹಚ್ಚಿಕೊಳ್ಳುವ ಶ್ರಾವಕನ ಸಂಕಲ್ಪವು ದೇಹಶುದ್ಧಿಯಲ್ಲಿದೆ, ವಧೆಯಲ್ಲಿಲ್ಲ. ಆದರೂ ಜೀವಘಾತವಾಗುವುದು ನಿಜ. ಅದಕ್ಕೆ ಆಲೋಚನೆ ಪ್ರತಿಕ್ರಮಣಗಳು ಸಲ್ಲುತ್ತವೆ. ನಿರ್ದೋಷವೆಂದು ಹೇಳಿಕೊಳ್ಳುವುದಕ್ಕಿಂತ ಅಲ್ಪದೋಷವೆಂದು ಅರಿತು ನಡೆಯುವುದೇ ಶ್ರಾವಕನಿಗೆ ಯೋಗ್ಯ.

ಇಲ್ಲಿ ಕೀಟದ ಜೀವನಕ್ರಮದ ಜ್ಞಾನವು ಆಚಾರಕ್ಕೆ ನೆರವಾಗುತ್ತದೆ. ಅಹಿಂಸೆಯ ಹೆಸರಿನಲ್ಲಿ ಚಿಕಿತ್ಸೆಯನ್ನು ಮುಂದೂಡಿದರೆ ದಿನದಿನವೂ ಮೊಟ್ಟೆಗಳು ಹೆಚ್ಚುತ್ತವೆ, ಮನೆಯವರೆಲ್ಲರಿಗೂ ಸೋಂಕುತ್ತದೆ, ಕಡೆಗೆ ಸಾಯುವ ಜೀವಗಳ ಸಂಖ್ಯೆಯೂ ಹೆಚ್ಚುತ್ತದೆ. ತುರಿಸುವ ಉಗುರಿನಿಂದಲೂ ಘಾತವು ನಡೆದೇ ಇರುತ್ತದೆ. ಮೊದಲ ಲಕ್ಷಣದಲ್ಲಿಯೇ ಮಾಡಿದ ಚಿಕಿತ್ಸೆಯಲ್ಲಿ ಘಾತವು ಕನಿಷ್ಠ. ಸೋಂಕು ತಗುಲದಂತೆ ನಡೆದುಕೊಂಡಲ್ಲಿ ಘಾತದ ಪ್ರಸಂಗವೇ ಇಲ್ಲ. ಶಾಸ್ತ್ರಭಂಡಾರದ ರಕ್ಷಕರಿಗೆ ಈ ತತ್ತ್ವವು ಹೊಸದಲ್ಲ. ಓಲೆಗೆ ಹುಳು ಬಿದ್ದ ಮೇಲೆ ಕೊಲ್ಲುವ ಬದಲು, ಬೀಳದಂತೆ ಎಣ್ಣೆ ಸವರಿ, ಬಜೆ ಬೇವುಗಳನ್ನಿಟ್ಟು, ವಸ್ತ್ರ ಸುತ್ತಿ, ಆಗಾಗ ಬಿಚ್ಚಿ ಗಾಳಿಯಾಡಿಸುವುದು ಅವರ ನಿತ್ಯದ ಪದ್ಧತಿ.

ಆಚರಣೆ

ಇಂದಿನ ವೈದ್ಯವು ವಿಧಿಸುವ ಕ್ರಮ ಹೀಗಿದೆ. ನೂರಕ್ಕೆ ೫ ಭಾಗ ಪರ್ಮೆಥ್ರಿನ್ ಇರುವ ಲೇಪವನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದು ಮತ್ತು ಉಗುರಿನಡಿಯನ್ನೂ ಬಿಡದೆ ಹಚ್ಚಿ, ಎಂಟರಿಂದ ಹದಿನಾಲ್ಕು ಗಂಟೆಗಳ ಅನಂತರ ತೊಳೆಯಬೇಕು. ಒಂದು ಅಥವಾ ಎರಡು ವಾರಗಳಲ್ಲಿ ಮತ್ತೊಮ್ಮೆ ಹಚ್ಚಬೇಕು. ಗುಳ್ಳೆಯಿದ್ದ ಕಡೆ ಮಾತ್ರ ಹಚ್ಚುವುದು ವ್ಯರ್ಥ. ಐವರ್ಮೆಕ್ಟಿನ್ ಎಂಬ ಗುಳಿಗೆಯೂ ಉಂಟು. ಗರ್ಭಿಣಿಯರಿಗೂ ೧೫ ಕಿಲೋಗ್ರಾಂಗಿಂತ ಕಡಿಮೆ ತೂಕದ ಮಕ್ಕಳಿಗೂ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ವೈದ್ಯರ ಸಲಹೆಯಿಲ್ಲದೆ ಯಾವುದನ್ನೂ ಬಳಸಬಾರದು. ಎಲ್ಲಕ್ಕಿಂತ ಮುಖ್ಯವಾದುದು, ನವೆಯಿರಲಿ ಇಲ್ಲದಿರಲಿ, ಒಂದೇ ಮನೆಯವರೆಲ್ಲರೂ ಒಂದೇ ದಿನ ಚಿಕಿತ್ಸೆ ಪಡೆಯುವುದು. ಒಬ್ಬನನ್ನು ಬಿಟ್ಟರೂ ರೋಗವು ಮರಳುತ್ತದೆ. ಹಿಂದಿನ ಮೂರು ನಾಲ್ಕು ದಿನಗಳಲ್ಲಿ ಬಳಸಿದ ವಸ್ತ್ರ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಗೆಯಲಾಗದವನ್ನು ಕಟ್ಟಿ ಕೆಲವು ದಿನ ಬಳಸದೆ ಇಡಬೇಕು. ಮನುಷ್ಯದೇಹದಿಂದ ಬೇರ್ಪಟ್ಟ ಕೀಟವು ಎರಡು ಮೂರು ದಿನಗಳಿಗಿಂತ ಹೆಚ್ಚು ಬದುಕದು. ಗುಣವಾದ ಮೇಲೆಯೂ ಎರಡು ಮೂರು ವಾರ ನವೆಯು ಉಳಿಯಬಹುದು. ಅದನ್ನು ಕಂಡು ಲೇಪವನ್ನು ಪದೇ ಪದೇ ಹಚ್ಚಬಾರದು. ಅಲಕ್ಷಿಸಿದರೆ ತುರಿಸಿದ ಗಾಯಗಳು ಕೀತು, ಮೂತ್ರಪಿಂಡಗಳಿಗೂ ಬಾಧೆ ತಟ್ಟುವುದುಂಟು. ಜಗತ್ತಿನಲ್ಲಿ ಯಾವುದೇ ಸಮಯದಲ್ಲಿ ೨೦ ಕೋಟಿಗೂ ಹೆಚ್ಚು ಜನರು ಈ ರೋಗದಿಂದ ಪೀಡಿತರಾಗಿರುವರೆಂದು ಅಂದಾಜು ಮಾಡಿರುವ ವಿಶ್ವ ಆರೋಗ್ಯ ಸಂಸ್ಥೆಯು ೨೦೧೭ರಲ್ಲಿ ಇದನ್ನು ಉಪೇಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸಿತು.

ಅನೇಕರು ಒಟ್ಟಿಗೆ ವಾಸಿಸುವ ವಿದ್ಯಾರ್ಥಿನಿಲಯ, ಗುರುಕುಲಗಳಲ್ಲಿ ಇದು ಬೇಗ ಹರಡುತ್ತದೆ. ಮುನಿಗಳ ವೈಯಾವೃತ್ಯ ಮಾಡುವವರೂ ಲಕ್ಷ್ಯವಿಡಬೇಕು. ನವೆಯುಳ್ಳ ಶ್ರಾವಕನು ಮೊದಲು ತಾನು ಗುಣಹೊಂದಿ ಆಮೇಲೆ ಸೇವೆಗೆ ಬರುವುದು ಯುಕ್ತ. ಮಹಾವ್ರತಿಗಳಿಗೆ ರೋಗವು ಇಪ್ಪತ್ತೆರಡು ಪರೀಷಹಗಳಲ್ಲಿ ಒಂದು. ಮೈತುರಿಸದಿರುವುದು ಕಾಯಕ್ಲೇಶ ತಪಸ್ಸಿನ ಭೇದವಾಗಿಯೂ ಆಗಮದಲ್ಲಿ ಬಂದಿದೆ. ಆದರೆ ಸಹಿಸುವುದು ಮುನಿಯ ಧರ್ಮವಾದಂತೆ, ಗ್ಲಾನನಾದ ಮುನಿಗೆ ಅವನ ಚರ್ಯೆಗೆ ವಿರೋಧವಿಲ್ಲದ ಉಪಚಾರವನ್ನು ಒದಗಿಸುವುದು ಶ್ರಾವಕನ ಧರ್ಮ. ವೈಯಾವೃತ್ಯಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ಗ್ಲಾನನನ್ನು ಸೂತ್ರಕಾರರು ಪ್ರತ್ಯೇಕವಾಗಿ ಹೆಸರಿಸಿರುವುದು ಈ ಕಾರಣದಿಂದಲೇ.

ಉಪಸಂಹಾರ

ಕಜ್ಜಿಯು ಕೊಳಕುತನದ ಫಲವೆಂಬ ಭಾವನೆಯಿಂದ ಜನರು ಅದನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟುದರಿಂದ ಅದು ಹರಡುತ್ತದೆ. ದಿನಕ್ಕೆರಡು ಬಾರಿ ಮೀಯುವವನಿಗೂ ರೋಗಿಯ ಸ್ಪರ್ಶದಿಂದ ಅದು ತಗುಲಬಲ್ಲದು. ಸಮ್ಯಗ್ದರ್ಶನದ ಮೂರನೆಯ ಅಂಗ ನಿರ್ವಿಚಿಕಿತ್ಸೆ. ಸಮಂತಭದ್ರಸ್ವಾಮಿಗಳು ಅದಕ್ಕೆ ದೃಷ್ಟಾಂತವಾಗಿ ಹೆಸರಿಸಿದುದು ಉದ್ದಾಯನ ರಾಜನನ್ನು; ರೋಗಪೀಡಿತ ಮುನಿಯ ದೇಹವನ್ನು ಕಂಡು ಹೇಸದೆ ಕೈಯಾರೆ ಸೇವೆಮಾಡಿದವನು ಅವನು. ಕಜ್ಜಿಯಾದ ಮಗುವನ್ನು ಹೀಯಾಳಿಸದೆ ಮೊದಲ ದಿನವೇ ಚಿಕಿತ್ಸೆಗೆ ಕರೆದೊಯ್ಯುವ ಮನೆಯಲ್ಲಿ ಈ ಅಂಗವು ಪಾಲಿಸಲ್ಪಟ್ಟಂತಾಗುತ್ತದೆ.

ಸನತ್ಕುಮಾರನ ಬಳಿಗೆ ವೈದ್ಯವೇಷದಲ್ಲಿ ಬಂದ ದೇವನು ರೋಗಗಳನ್ನು ಗುಣಪಡಿಸುವೆನೆಂದಾಗ, ಜನ್ಮಮರಣಗಳ ರೋಗಕ್ಕೆ ನಿನ್ನಲ್ಲಿ ಮದ್ದಿದೆಯೇ ಎಂದು ಆ ಮುನಿಯು ಕೇಳಿದನೆಂಬ ಕಥೆಯು ಪ್ರಸಿದ್ಧವಾಗಿದೆ. ಆ ಪ್ರಶ್ನೆಯು ಮುನಿಗೆ ಶೋಭಿಸುವಂತಹುದು. ಪ್ರಾಣಾವಾಯವನ್ನು ಉಳಿಸಿದ ಆಚಾರ್ಯರು ಗೃಹಸ್ಥರಿಗಾಗಿ ಈ ದೇಹದ ಮದ್ದನ್ನೂ ಬರೆದಿಟ್ಟರು. ಅವರು ಬರೆದುದನ್ನು ಬರೆದಷ್ಟೇ ಓದಿ, ಆಮೇಲೆ ತಿಳಿದುಬಂದುದನ್ನು ಅದರ ಪಕ್ಕದಲ್ಲಿಟ್ಟು, ಎರಡರ ನಡುವಣ ಅಂತರವನ್ನು ಮುಚ್ಚಿಡದೆ ಹೇಳುವುದು ಹಸ್ತಪ್ರತಿಗಳ ಅಭ್ಯಾಸಿಗಳು ಆ ಪರಂಪರೆಗೆ ಸಲ್ಲಿಸಬಹುದಾದ ಸೇವೆಯಾಗಿದೆ.